ಮೋಡೆಮ್‌ಗೆ ಕಿವಿಗೊಟ್ಟು

ಡಯಲ್-ಅಪ್ ಸಂಪರ್ಕ ಕೈಕೊಟ್ಟರೆ ನಾನು ಮೊದಲು ಪರದೆ ನೋಡುವುದಿಲ್ಲ, ಸದ್ದು ಕೇಳುತ್ತೇನೆ. ಪರದೆಯ ಮೇಲೆ ಬರುವ ಎರರ್ ನಂಬರು ಕೆಲಸ ಕೆಟ್ಟಿತು ಎಂದಷ್ಟೇ ಹೇಳುತ್ತದೆ. ಎಲ್ಲಿಯವರೆಗೆ ನೆಟ್ಟಗೆ ನಡೆದು ಎಲ್ಲಿ ಎಡವಿತು ಎಂಬುದನ್ನು ಹೇಳುವುದು ಮೋಡೆಮ್ ಒಳಗಿನ ಪುಟ್ಟ ಸ್ಪೀಕರು. ಬಹಳ ಜನ ಆ ಕಿರುಚಾಟ ಬೇಡವೆಂದು ಅದನ್ನು ಬಂದ್ ಮಾಡಿಸಿಬಿಡುತ್ತಿದ್ದರು. ರಿಪೇರಿಗೆ ಕೂತಾಗ ನನ್ನ ಮೊದಲ ಕೆಲಸ ಅದರ ಬಾಯಿ ಬಿಡಿಸುವುದು.

ಮೊದಲು ರಿಲೇಯ ಕ್ಲಿಕ್. ಮೋಡೆಮ್ ಲೈನನ್ನು ಎತ್ತಿಕೊಂಡಿತು. ಆಮೇಲೆ ಡಯಲ್ ಟೋನು, ಅದರ ಬೆನ್ನಿಗೇ ಅಂಕಿಗಳು. ಸಂಚಾರ್‌ನೆಟ್ ಕಾಲದಲ್ಲಿ 172233. ಒಂದೊಂದು ಅಂಕಿಯಲ್ಲೂ ಎರಡು ಸ್ವರ ಕೂಡಿರುತ್ತವೆ. ಕೊನೆಯಲ್ಲಿ ಒಂದೇ ಅಂಕಿ ಎರಡು ಸಲ ಕೇಳಲಿಲ್ಲವೆಂದರೆ ನಂಬರು ತಪ್ಪಾಗಿದೆ ಎಂದು ಕಿವಿಗೇ ಗೊತ್ತಾಗುತ್ತದೆ. ಆಚೆ ಬದಿ ಎತ್ತಿಕೊಂಡ ಕೂಡಲೇ 2100 ಹರ್ಟ್ಸ್‌ನ ಉದ್ದನೆಯ ಶಿಳ್ಳೆ. ಗಮನವಿಟ್ಟು ಕೇಳಿದರೆ ಆ ಶಿಳ್ಳೆ ಸೆಕೆಂಡಿಗೆ ಎರಡು ಸಲದಷ್ಟು ಸಣ್ಣಗೆ ತುಂಡಾಗುತ್ತದೆ. ಅಲೆ ಅಲ್ಲಲ್ಲಿ ತಲೆಕೆಳಗಾಗುವ ಜಾಗ ಅದು. ದೂರದ ಕರೆಗಳಲ್ಲಿ ಪ್ರತಿಧ್ವನಿ ಅಡಗಿಸಲು ಟೆಲಿಫೋನ್ ಜಾಲದಲ್ಲಿ ಕೂರಿಸಿದ ಉಪಕರಣಗಳಿಗೆ ಇನ್ನು ಸುಮ್ಮನಿರಿ ಎಂದು ಹೇಳುವ ಸೂಚನೆ. ಮನುಷ್ಯರ ಮಾತಿಗೆ ಬೇಕಾದ ಆ ಉಪಕಾರ ಮೋಡೆಮ್‌ಗೆ ಅಡ್ಡಿ.

ಅಲ್ಲಿಂದ ಮುಂದಿನದು ಸಂಬಂಧ ಕುದುರಿಸಲು ಕೂತ ಎರಡು ಮನೆಯ ಹಿರಿಯರ ಮಾತುಕತೆ. ನಿಮಗೆ ಯಾವ ಯಾವ ಪದ್ಧತಿ ಗೊತ್ತು, ನಮಗೆ ಇಷ್ಟು ಗೊತ್ತು ಎಂದು ಮೊದಲು ನಿಧಾನದ ಭಾಷೆಯಲ್ಲಿ ಕೇಳಿಕೊಳ್ಳುತ್ತವೆ. ಆಮೇಲೆ 150 ಹರ್ಟ್ಸ್‌ನಿಂದ 3750ರವರೆಗೆ ಹತ್ತಾರು ಸ್ವರಗಳನ್ನು ಒಟ್ಟಿಗೇ ಲೈನಿಗೆ ಬಿಟ್ಟು ಯಾವುದು ಎಷ್ಟು ಸೊರಗಿ ತಲುಪಿತು ಎಂದು ಅಳೆಯುತ್ತವೆ. ಆ ಕರ್ಕಶ ಝೇಂಕಾರ ನಮ್ಮ ಮನೆಯಿಂದ ಎಕ್ಸ್‌ಚೇಂಜಿನವರೆಗಿನ ತಾಮ್ರದ ತಂತಿಯ ನಿಜವಾದ ಪರೀಕ್ಷೆ. ಕೊನೆಯ 'ಶ್‌ಶ್' ಎನ್ನುವ ಸದ್ದಿನಲ್ಲಿ ಎರಡೂ ಬದಿ ಆ ತಂತಿಯ ದೋಷಕ್ಕೆ ತಕ್ಕಂತೆ ತಮ್ಮನ್ನು ಹೊಂದಿಸಿಕೊಳ್ಳುತ್ತವೆ. ಹೊಂದಿಕೆಯಾದರೆ ಸ್ಪೀಕರು ತಾನಾಗಿ ಸುಮ್ಮನಾಗುತ್ತದೆ. 'ಶ್‌ಶ್' ನಿಂತು ಮತ್ತೆ ಶಿಳ್ಳೆ, ಮತ್ತೆ 'ಶ್‌ಶ್' ಬಂತೆಂದರೆ ನಾನು ಕಂಪ್ಯೂಟರ್ ಬಿಟ್ಟೆದ್ದು ಸ್ಕ್ರೂಡ್ರೈವರ್ ಹಿಡಿದು ಗೋಡೆಯ ಕಡೆ ಹೋಗುತ್ತೇನೆ.

ನಮ್ಮದು ಮಲೆನಾಡು. ಆಷಾಢದಲ್ಲಿ ಗೋಡೆಯ ಮೇಲಿನ ಫೋನಿನ ರೋಸೆಟ್ ಪೆಟ್ಟಿಗೆ ಬಿಚ್ಚಿದರೆ ಒಳಗೆ ಸ್ಕ್ರೂಗಳ ಸುತ್ತ ಹಸಿರು ಕಿಲುಬು ಕಟ್ಟಿರುತ್ತದೆ. ತಂತಿಯ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಹೊಳೆಯುವ ತಾಮ್ರವನ್ನು ಸ್ಕ್ರೂ ಬಿಗಿಯುವ ದಿಕ್ಕಿಗೇ ಸುತ್ತಿ ಕಟ್ಟುವುದರಲ್ಲಿ ಒಂದು ಸುಖವಿದೆ. ಆಮೇಲೆ ಫೋನಿನಲ್ಲಿ ಒಂದೇ ಒಂದು ಅಂಕಿ ಒತ್ತಬೇಕು. ಡಯಲ್ ಟೋನು ನಿಂತು ಕೆಲವು ಕ್ಷಣ ಲೈನು ಖಾಲಿಯಾಗುತ್ತದೆ. ಆ ಖಾಲಿಯಲ್ಲಿ ಏನು ಕೇಳುತ್ತದೆ ಎಂಬುದೇ ಮುಖ್ಯ. ಪಟಪಟ ಸದ್ದಿದ್ದರೆ ಎಲ್ಲೋ ಜಾಯಿಂಟ್ ಸಡಿಲ. ಗುಂಯ್ ಎಂಬ ಗುನುಗಿದ್ದರೆ ಜೋಡಿ ತಂತಿಯಲ್ಲಿ ಒಂದು ನೆಲಕ್ಕೆ ಸೋರುತ್ತಿದೆ. ಎರಡೂ ಸಮನಾಗಿದ್ದರೆ ಪಕ್ಕದ ಕರೆಂಟ್ ಲೈನಿನ ಗುನುಗು ಒಂದನ್ನೊಂದು ಕಳೆದುಕೊಂಡುಬಿಡುತ್ತದೆ, ಸಮತೋಲ ತಪ್ಪಿದರೆ ಒಳಗೆ ನುಗ್ಗುತ್ತದೆ. ಫೋನ್ ಕೆಳಗಿಟ್ಟು ಮಲ್ಟಿಮೀಟರ್ ಹಿಡಿದರೆ ಹೆಚ್ಚುಕಡಿಮೆ 48 ವೋಲ್ಟ್ ಇರಬೇಕು. ಕಂಬ ಹತ್ತುವ ಲೈನ್‌ಮನ್ ಒಬ್ಬರು ನನಗಿದನ್ನು ಕಲಿಸಿದರು. 'ಮಾತಾಡೋರಿಗೆ ಗೊರಗೊರ ಅಂದ್ರೂ ನಡೀತದೆ ಸಾರ್, ನಿಮ್ಮ ಡಬ್ಬಿಗೆ ನಡಿಯಲ್ಲ' ಎಂದಿದ್ದರು. ಮೋಡೆಮ್ ಬಗ್ಗೆ ಅಷ್ಟು ಚೊಕ್ಕವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಲೈನು ಸರಿಯಿದ್ದರೆ ಯಂತ್ರದ ಸರದಿ. ನನ್ನ ಮೆಚ್ಚಿನದು ವಿಂಡೋಸ್ 98. ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್ಸ್ ತೆರೆದು, ಡಯಾಗ್ನಾಸ್ಟಿಕ್ಸ್‌ಗೆ ಹೋಗಿ ಮೋರ್ ಇನ್ಫೋ ಒತ್ತಿದರೆ ಕಂಪ್ಯೂಟರ್ ಒಂದೊಂದೇ ಪ್ರಶ್ನೆ ಕೇಳಿ ಮೋಡೆಮ್‌ನ ಉತ್ತರವನ್ನು ಸಾಲಾಗಿ ಬರೆದು ತೋರಿಸುತ್ತದೆ. ಉತ್ತರವೇ ಬಾರದಿದ್ದರೆ ಕಾಮ್ ಪೋರ್ಟುಗಳ ಜಗಳವಿದೆಯೇ ನೋಡಬೇಕು. ಹಳೆಯ ಪಿಸಿಗಳಲ್ಲಿ ಕಾಮ್1 ಮತ್ತು ಕಾಮ್3 ಎರಡಕ್ಕೂ ಐಆರ್‌ಕ್ಯೂ 4. ಕಾಮ್2, ಕಾಮ್4 ಎರಡಕ್ಕೂ 3. ಕಾಮ್1ರಲ್ಲಿ ಸೀರಿಯಲ್ ಮೌಸ್, ಕಾಮ್3ರಲ್ಲಿ ಮೋಡೆಮ್ ಇದ್ದರೆ ಡಯಲ್ ಮಾಡಿದೊಡನೆ ಮೌಸ್ ಕಲ್ಲಾಗುತ್ತದೆ. ಮೋಡೆಮ್ ಕಾರ್ಡಿನ ಜಂಪರ್ ಕಿತ್ತು ಕಾಮ್2ಕ್ಕೆ ಕೂರಿಸಿ, ಬಳಕೆಯಲ್ಲಿಲ್ಲದ ಎರಡನೇ ಸೀರಿಯಲ್ ಪೋರ್ಟನ್ನು ಬಯಾಸ್‌ನಲ್ಲಿ ಬಂದ್ ಮಾಡಿದರೆ ಮುಗಿಯಿತು.

ಹೊರಗೆ ಕೂರುವ, ಎದುರಿಗೆ ದೀಪಗಳ ಸಾಲಿರುವ ಮೋಡೆಮ್ ಇದ್ದರೆ ನನಗೆ ಹಬ್ಬ. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರ ಮನೆಯಲ್ಲಿ ಅಂಥದ್ದಿತ್ತು. 'ಸಂಜೆ ಏಳಾಯ್ತು ಅಂದ್ರೆ ಕಟ್ಟಾಗುತ್ತೆ ಕಣಪ್ಪಾ, ಗಡಿಯಾರ ಇಟ್ಟು ನೋಡಿದೀನಿ' ಎಂದು ಕರೆದರು. 'ಏಳಕ್ಕೇ ಬರ್ತೀನಿ ಮೇಷ್ಟ್ರೇ' ಎಂದು ಹೋಗಿ ಮೋಡೆಮ್‌ನ ಎದುರೇ ಕೂತೆ. ಲೈನು ಕೆಟ್ಟು ಕರೆ ಬಿದ್ದರೆ ಕ್ಯಾರಿಯರ್ ದೀಪ ಆರುತ್ತದೆ, ಅದರ ಹಿಂದೆಯೇ ಆಫ್-ಹುಕ್ ದೀಪ. ಉಳಿದವು ಇದ್ದಂತೆ ಇರುತ್ತವೆ. ಇಲ್ಲಿ ಹಾಗಾಗಲಿಲ್ಲ. ಊರಿನ ದೀಪಗಳೆಲ್ಲ ಹತ್ತಿ ವೋಲ್ಟೇಜ್ ಕುಸಿಯಿತು, ಮೂಲೆಯ ಸ್ಟೆಬಿಲೈಸರ್ ಟಕ್ ಎಂದಿತು, ಮೋಡೆಮ್‌ನ ಅಷ್ಟೂ ದೀಪ ಒಮ್ಮೆಲೇ ಆರಿ ಒಮ್ಮೆಲೇ ಹತ್ತಿದವು, ಸ್ವಿಚ್ ಹಾಕಿದಾಗ ಹತ್ತುವ ಹಾಗೆ. ಕಂಪ್ಯೂಟರ್ ಯುಪಿಎಸ್ ಮೇಲಿತ್ತು, ಮೋಡೆಮ್‌ನ ಅಡಾಪ್ಟರ್ ಇರಲಿಲ್ಲ. ಪ್ಲಗ್ ಬದಲಿಸಿದ್ದೇ ಚಿಕಿತ್ಸೆ. ಮೇಷ್ಟ್ರು ಆ ರಾತ್ರಿ ವಿಶ್ವಕನ್ನಡವನ್ನು ಪೂರ್ತಿ ಓದಿದರಂತೆ. 1996ರಲ್ಲೇ ಯು. ಬಿ. ಪವನಜ ಅವರು ಶುರುಮಾಡಿದ ಆ ಅಂತರಜಾಲ ಪತ್ರಿಕೆಯ ಕನ್ನಡ ಅಕ್ಷರ ಪರದೆಯ ಮೇಲೆ ಸಾಲು ಸಾಲಾಗಿ ಇಳಿಯುವುದನ್ನು ನೋಡಲು ಜನ ಇಷ್ಟೆಲ್ಲ ಪಾಡು ಪಡುತ್ತಿದ್ದರು, ಪಡುವುದಕ್ಕೆ ಅರ್ಥವೂ ಇತ್ತು.

ಎರರ್ ನಂಬರುಗಳನ್ನು ಈಗ ನೋಡಬಹುದು. 680 ಅಂದರೆ ಡಯಲ್ ಟೋನ್ ಇಲ್ಲ. ಫೋನಿನಲ್ಲಿ ಟೋನು ಕೇಳುತ್ತಿದ್ದೂ 680 ಬಂದರೆ, ಆ ಟೋನು ಮೋಡೆಮ್‌ಗೆ ಪರಿಚಯವಿಲ್ಲ ಎಂದರ್ಥ. ಎಕ್ಸ್3 ಎಂದು ಆದೇಶ ಸೇರಿಸಿದರೆ ಅದು ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಅಂಕಿ ಒತ್ತಿದರೂ ಟೋನು ನಿಲ್ಲದಿದ್ದರೆ ಎಕ್ಸ್‌ಚೇಂಜಿಗೆ ಪಲ್ಸ್ ಡಯಲೇ ಬೇಕು. 676 ಬಿಜಿ, 678 ಉತ್ತರವಿಲ್ಲ, 691 ಪಾಸ್‌ವರ್ಡ್. ಇವುಗಳಲ್ಲಿ ಹೆಚ್ಚು ರುಚಿಯಿಲ್ಲ. ರುಚಿಯಿರುವುದು 650 ಮತ್ತು 720ರಲ್ಲಿ. ಮೋಡೆಮ್‌ಗಳು ಕೂಡಿಕೊಂಡಿವೆ, ಅವುಗಳ ಮೇಲೆ ಕೂತ ಜಾಲದ ಭಾಷೆ ಕೂಡಿಲ್ಲ. ಸರ್ವರ್ ಟೈಪ್ಸ್ ಪುಟದಲ್ಲಿ ನೆಟ್‌ಬುಯಿ, ಐಪಿಎಕ್ಸ್ ಎರಡರ ಟಿಕ್ ತೆಗೆದು ಟಿಸಿಪಿ/ಐಪಿ ಒಂದನ್ನೇ ಉಳಿಸಬೇಕು. ಲಾಗ್ ಆನ್ ಟು ನೆಟ್‌ವರ್ಕ್ ಎಂಬುದನ್ನೂ ತೆಗೆದರೆ ಸಂಪರ್ಕ ಎದ್ದು ಕಾಣುವಷ್ಟು ಬೇಗ ಆಗುತ್ತದೆ. ಸಂಪರ್ಕವಾದ ಮೇಲೂ ಪುಟ ತೆರೆಯದಿದ್ದರೆ ಪಿಂಗ್: ಅಂಕಿಯ ವಿಳಾಸಕ್ಕೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಡಿಎನ್‌ಎಸ್ ಒಂದೇ ತಪ್ಪು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು, ಏಕೆಂದರೆ ಇದನ್ನು ನಂಬಿ ಖುಷಿಪಟ್ಟವರು ಬಹಳ. 56 ಕೆ ಮೋಡೆಮ್ ಹಾಕಿದವರ ಪರದೆಯಲ್ಲಿ 1,15,200ರ ವೇಗದಲ್ಲಿ ಸಂಪರ್ಕವಾಗಿದೆ ಎಂದು ಬರುತ್ತಿತ್ತು. ಅದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ಕೇಬಲ್ಲಿನ ವೇಗ, ಫೋನ್ ಲೈನಿನದಲ್ಲ. ಬಹಳಷ್ಟು ಮೋಡೆಮ್‌ಗಳಲ್ಲಿ ಡಬ್ಲ್ಯು2 ಎಂಬ ಆದೇಶ ಸೇರಿಸಿದರೆ ನಿಜ ಹೊರಬೀಳುತ್ತದೆ: 44,000, ಮಳೆಗಾಲದಲ್ಲಿ 26,400. ನಾನು ಈ ನಿಜದ ಅಂಕಿಯನ್ನೇ ಇಷ್ಟಪಡುತ್ತೇನೆ. ರೋಸೆಟ್ ತಿಕ್ಕಿ, ಪ್ಯಾರಲಲ್ ಫೋನ್ ಕಿತ್ತು, 26,400 ಇದ್ದದ್ದು 31,200 ಆದಾಗ ಕೈಯಲ್ಲಿ ಮಾಡಿದ ಕೆಲಸ ಅಂಕಿಯಲ್ಲಿ ಕಾಣುತ್ತದೆ.

ಈ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆದರೆ ನನ್ನ ಲೆಕ್ಕದಲ್ಲಿ ಹಳ್ಳಿಗಳ ಮಟ್ಟಿಗೆ ದಾರಿ ಅದಕ್ಕೂ ಮೊದಲೇ ತೆರೆದಿತ್ತು. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್‌ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. 128 ಪೋರ್ಟುಗಳ, ಏಸಿ ಇಲ್ಲದ ಕೋಣೆಯಲ್ಲಿ ಧೂಳು ಸೆಕೆ ತಡೆದುಕೊಂಡು ನಡೆಯಲೆಂದೇ ಮಾಡಿದ ಪೆಟ್ಟಿಗೆ. ಅಂಥ ಪೆಟ್ಟಿಗೆಗಳು ಊರೂರಿಗೆ ಬಂದಿದ್ದರಿಂದಲೇ ಎಷ್ಟೋ ಹಳ್ಳಿಯ ಮನೆಗಳಲ್ಲಿ ಮೋಡೆಮ್ ಸಿಕ್ಕಿಸಲು ಒಂದು ಲೈನಿತ್ತು.

ಡಯಲ್ ಮಾಡಲು ಈಗ ಯಾರೂ ಉಳಿದಿಲ್ಲ. ಹಾಗೆಂದು ನಾನು ಬಿಟ್ಟಿಲ್ಲ. ಮನೆಯ ಅಟ್ಟದ ಕೋಣೆಯಲ್ಲಿ ಸಣ್ಣ ಕಚೇರಿಯೊಂದು ತೆಗೆದುಹಾಕಿದ ಇಂಟರ್‌ಕಾಮ್ ಎಕ್ಸ್‌ಚೇಂಜ್ ಇಟ್ಟುಕೊಂಡಿದ್ದೇನೆ. ಅದರ ಒಂದು ಲೈನಿಗೆ ವಿಂಡೋಸ್ 98ರ ಪಿಸಿ, ಇನ್ನೊಂದಕ್ಕೆ ಲಿನಕ್ಸ್ ಪಿಸಿ. ಲಿನಕ್ಸ್‌ನದು ಇಂಟರ್ನೆಟ್ ಕೊಡುವ ಕಂಪನಿಯ ಪಾತ್ರ. ಎಕ್ಸ್‌ಚೇಂಜಿನ ಡಯಲ್ ಟೋನು ಬೇರೆ ಥರ, ಮೊದಲು 680 ಬಂತು, ಎಕ್ಸ್3 ಸೇರಿಸಿದೆ. ಅದೇ ರಿಲೇ, ಅದೇ ಶಿಳ್ಳೆ, ಅದೇ 'ಶ್‌ಶ್', ಕೆಳಗಿನ ಮೂಲೆಯಲ್ಲಿ ಅವೇ ಎರಡು ಪುಟ್ಟ ಕಂಪ್ಯೂಟರುಗಳು ಮಿನುಗಿದವು. ವೇಗ 33,600. ಅದಕ್ಕಿಂತ ಮೇಲೆ ಹೋಗುವುದಿಲ್ಲ, ಯಾಕೆಂದರೆ ಎರಡೂ ಕಡೆ ಅನಲಾಗ್ ಮೋಡೆಮ್. 56 ಕೆ ಎಂಬುದು ಸಾಧ್ಯವಾಗಿದ್ದು ಕಂಪನಿಯ ಬದಿ ನೇರವಾಗಿ ಡಿಜಿಟಲ್ ಆಗಿದ್ದು, ದಾರಿಯಲ್ಲಿ ಅನಲಾಗ್ ತುಂಡು ನಮ್ಮ ಮನೆಯ ತಂತಿ ಒಂದೇ ಆಗಿದ್ದರಿಂದ. ಈಗ ನನಗೆ ಬೇಕಿರುವುದು ಡಿಜಿಟಲ್ ಮೋಡೆಮ್‌ಗಳಿರುವ ಹಳೆಯ ರಿಮೋಟ್ ಆಕ್ಸೆಸ್ ಸರ್ವರ್, ಜೊತೆಗೆ ಪಿಆರ್‌ಐ ಲೈನ್ ಕೊಡಬಲ್ಲ ಎಕ್ಸ್‌ಚೇಂಜ್. ಬೆಂಗಳೂರಿನ ಎಸ್. ಪಿ. ರಸ್ತೆಯ ಪರಿಚಯದ ಅಂಗಡಿಯವರಿಗೆ ಹೇಳಿಟ್ಟಿದ್ದೇನೆ: ಗುಜರಿಗೆ ಬಂದರೆ ತೂಕಕ್ಕೆ ಹಾಕಬೇಡಿ, ಮೊದಲು ನನಗೊಂದು ಫೋನ್ ಮಾಡಿ.