ಇರಲೂ ಬಿಡಲಿಲ್ಲ, ಹೋಗಲೂ ಬಿಡಲಿಲ್ಲ

ಊರಿಂದ ನೆಂಟರು ಬಂದಾಗ ಲಾಸ್ ಏಂಜಲಿಸ್ ಸುತ್ತಮುತ್ತ ಇರುವ ನಾವು ತೋರಿಸುವ ಜಾಗಗಳಲ್ಲಿ ಪಸಡೀನಾ ಬಳಿಯ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯೂ ಒಂದು. ಮಂಗಳನ ಮೇಲೆ ಬಂಡಿ ಓಡಿಸಿದವರು ಇವರೇ ಎಂದು ಕೈತೋರಿಸಿ ಹೇಳುವಾಗ, ನಾವೇ ಓಡಿಸಿದಷ್ಟು ಹೆಮ್ಮೆ. ಈ ಜೆಪಿಎಲ್ಲನ್ನು ಕಟ್ಟಿದವರಲ್ಲಿ ಒಬ್ಬರಾದ ಚೀನೀ ಎಂಜಿನಿಯರ್ ಚಿಯೆನ್ ಶ್ಯೂಸೆನ್ ಅವರ ಕತೆಯನ್ನು ನಾನು ಸರಿಯಾಗಿ ಓದಿದ್ದು ಮಾತ್ರ ಬಹಳ ತಡವಾಗಿ, ನನ್ನ ಪೌರತ್ವದ ಅರ್ಜಿ ಮೇಜಿನ ಮೇಲೆ ಕೂತಿದ್ದ ದಿನಗಳಲ್ಲಿ.

1911ರಲ್ಲಿ ಹುಟ್ಟಿದ ಚಿಯೆನ್, ಶಾಂಘೈನಲ್ಲಿ ಎಂಜಿನಿಯರಿಂಗ್ ಮುಗಿಸಿ 1935ರಲ್ಲಿ ವಿದ್ಯಾರ್ಥಿವೇತನದ ಮೇಲೆ ಎಂಐಟಿಗೆ ಬಂದರು. ಮರುವರ್ಷ ಕ್ಯಾಲ್ಟೆಕ್‌ಗೆ ಬಂದು ಥಿಯೊಡರ್ ಫಾನ್ ಕಾರ್ಮನ್ ಎಂಬ ಹಂಗೇರಿ ಮೂಲದ ಗುರುವಿನ ಶಿಷ್ಯರಾದರು. ಅಲ್ಲಿ ರಾಕೆಟ್ ಹುಚ್ಚು ಹತ್ತಿಸಿಕೊಂಡ ಹುಡುಗರ ಗುಂಪೊಂದಿತ್ತು. ಅವರ ಪ್ರಯೋಗಗಳು ಎಷ್ಟು ಅಪಾಯದವೆಂದರೆ, ಕ್ಯಾಂಪಸ್ಸಿನವರು ಅದಕ್ಕೆ 'ಆತ್ಮಹತ್ಯಾ ದಳ' ಎಂದೇ ಹೆಸರಿಟ್ಟಿದ್ದರು. ಗುಂಪಿನ ಲೆಕ್ಕಾಚಾರದ ತಲೆ ಚಿಯೆನ್. ಯುದ್ಧ ಮುಗಿಯುತ್ತಿದ್ದಂತೆ, 1945ರಲ್ಲಿ, ಅಮೆರಿಕದ ಸೇನೆ ಅವರಿಗೆ ಕರ್ನಲ್ ದರ್ಜೆ ಕೊಟ್ಟು, ಸೋತ ಜರ್ಮನಿಯ ರಾಕೆಟ್ ವಿಜ್ಞಾನಿಗಳನ್ನು ವಿಚಾರಿಸಲು ಕಳಿಸಿತು. 1949ರಲ್ಲಿ ಅವರು ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದರು. ಇಲ್ಲೇ ನೆಲೆ ನಿಲ್ಲುವ ಮನಸ್ಸು ಮಾಡಿದ್ದರು ಎನ್ನಲು ಇಷ್ಟು ಸಾಕು.

ಅದೇ ವರ್ಷ ಚೀನಾದಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದರು. 1950ರ ಜೂನ್‌ನಲ್ಲಿ ಎಫ್‌ಬಿಐನವರು ಚಿಯೆನ್ ಬಾಗಿಲಿಗೆ ಬಂದರು. ಮೂವತ್ತರ ದಶಕದಲ್ಲಿ ನೀವು ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಿ ಎಂಬುದು ಆರೋಪ. ಇಲ್ಲ ಎಂದರು, ಯಾರೂ ನಂಬಲಿಲ್ಲ. ರಹಸ್ಯ ಕೆಲಸಗಳಿಗೆ ಬೇಕಾದ ಅನುಮತಿ ರದ್ದಾಯಿತು. ನಂಬದವರ ನಡುವೆ ಏನು ಕೆಲಸವೆಂದು ಸ್ವಾಭಿಮಾನಿ ಮನುಷ್ಯ ಗಂಟುಮೂಟೆ ಕಟ್ಟಿದರೆ, ಅದನ್ನೂ ಹಿಡಿದಿಟ್ಟರು. ಸುಮಾರು 800 ಕಿಲೋ ಸಾಮಾನಿನಲ್ಲಿ ಸಿಕ್ಕ ಅಂಕಿಗಳ ಸಾಲುಗಳನ್ನು ಗೂಢಲಿಪಿ ಎಂದು ಶಂಕಿಸಿದರಂತೆ. ಅವು ಲಾಗ್ ಟೇಬಲ್‌ಗಳು! ಪಿಯುಸಿಯಲ್ಲಿ ನಾವೆಲ್ಲ ಅಂಚು ಹರಿಯುವಷ್ಟು ತಿರುವಿಹಾಕಿದ ಲಾಗ್ ಟೇಬಲ್. ಇಲ್ಲಿಯವರೆಗೆ ಓದಿ ನಕ್ಕೆ. ಮುಂದೆ ನಗು ಬರಲಿಲ್ಲ. ಎರಡು ವಾರ ಸೆರೆಯಲ್ಲಿಟ್ಟರು. 15,000 ಡಾಲರ್ ಜಾಮೀನಿನ ಮೇಲೆ ಹೊರಬಂದಾಗ ಅವರಿಗೆ ಸರಿಯಾಗಿ ಮಾತೇ ಹೊರಡುತ್ತಿರಲಿಲ್ಲವಂತೆ.

ಆಮೇಲಿನದು ಇನ್ನೂ ವಿಚಿತ್ರ. ಗಡೀಪಾರಿನ ಆದೇಶ ಹೊರಟಿತು, ಆದರೆ ತಿಳಿದುಕೊಂಡದ್ದು ಹಳೆಯದಾಗಲಿ ಎಂದು ಹೋಗಲೂ ಬಿಡಲಿಲ್ಲ. ಲಾಸ್ ಏಂಜಲಿಸ್ ಕೌಂಟಿ ದಾಟುವಂತಿಲ್ಲ. ಹೀಗೆ ಐದು ವರ್ಷ. ಅಷ್ಟರಲ್ಲೂ ಅವರು ನಿಯಂತ್ರಣ ಶಾಸ್ತ್ರದ ಮೇಲೊಂದು ದೊಡ್ಡ ಗ್ರಂಥ ಬರೆದರು. ಕೊನೆಗೆ ಎರಡು ದೇಶಗಳ ಮಾತುಕತೆಯಲ್ಲಿ ಅವರ ಬಿಡುಗಡೆಯೂ ಸೇರಿ, 1955ರ ಸೆಪ್ಟೆಂಬರ್‌ನಲ್ಲಿ ಹೆಂಡತಿ ಮತ್ತು ಅಮೆರಿಕದಲ್ಲೇ ಹುಟ್ಟಿದ ಇಬ್ಬರು ಮಕ್ಕಳೊಂದಿಗೆ ಹಡಗು ಹತ್ತಿದರು. ಚೀನಾದ ಕ್ಷಿಪಣಿ ಕಾರ್ಯಕ್ರಮ ಅವರ ಕೈಯಲ್ಲಿ ಬೆಳೆಯಿತು. 1970ರಲ್ಲಿ ಚೀನಾದ ಮೊದಲ ಉಪಗ್ರಹ ಹಾರಿತು. ಅಮೆರಿಕ ಭಯಪಟ್ಟದ್ದನ್ನು ಅಮೆರಿಕವೇ ನಿಜ ಮಾಡಿಕೊಂಡಿತು.

ಅವರನ್ನು ದೇವರು ಮಾಡುವ ಉದ್ದೇಶ ನನಗಿಲ್ಲ. 1958ರಲ್ಲಿ ಮಾವೋ ಸರ್ಕಾರ ನಂಬಲಾಗದ ಇಳುವರಿಯ ಮಾತಾಡುತ್ತಿದ್ದಾಗ, ಅದು ಸಾಧ್ಯವೆಂದು ವಿಜ್ಞಾನದ ಹೆಸರಿನಲ್ಲಿ ಬರೆದವರೂ ಇವರೇ. ಅದರ ಬೆನ್ನಿಗೇ ಬಂದ ಬರಗಾಲದಲ್ಲಿ ಕೋಟಿಗಟ್ಟಲೆ ಜನ ಸತ್ತರು. ಇಲ್ಲಿ ಶಂಕೆಗೆ ಗುರಿಯಾದವರು ಅಲ್ಲಿ ಶಂಕೆಯಿಂದ ಪಾರಾಗಲು ಹಾಗೆ ಬರೆದರೋ ಏನೋ ಎಂದು ನನಗೆ ಅನಿಸಿದ್ದುಂಟು.

ನನ್ನ ಅರ್ಜಿಯಲ್ಲೂ ಆ ಪ್ರಶ್ನೆ ಇತ್ತು: ನೀವು ಎಂದಾದರೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಾ? 'ಇಲ್ಲ' ಎಂಬಲ್ಲಿ ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗಲು ಎರಡು ಸೆಕೆಂಡೂ ಬೇಡ. ಚಿಯೆನ್ ಹೇಳಿದ್ದೂ ಇದೇ 'ಇಲ್ಲ'. ಕೇಳುವವರಿಗೆ ನಮ್ಮ ದೇಶದ ಬಗ್ಗೆ ಈ ಹೊತ್ತು ಭಯವಿಲ್ಲ, ಅಷ್ಟೇ. ಎಚ್-1ಬಿ ದಿನಗಳಲ್ಲಿ ಒಂದು ವಿಮಾನ ಕಂಪನಿ ನನ್ನ ಪಾಸ್‌ಪೋರ್ಟ್ ಯಾವುದೆಂದು ಕೇಳಿ ಸಂದರ್ಶನವನ್ನು ಅಲ್ಲಿಗೇ ಮುಗಿಸಿತ್ತು. ನಿಯಮ ಹಾಗಿದೆ ಎಂದು ಸುಮ್ಮನಾಗಿದ್ದೆ. ಈಗ ಅದೂ ನೆನಪಾಯಿತು.

ಚಿಯೆನ್ ಗೃಹಬಂಧಿಯಂತೆ ಬದುಕುತ್ತಿದ್ದ ಕಾಲದಲ್ಲೇ, ಅದೇ ಕ್ಯಾಲ್ಟೆಕ್‌ನಲ್ಲಿ ಸತೀಶ್ ಧವನ್ ಪಿಎಚ್‌ಡಿ ಮಾಡುತ್ತಿದ್ದರು. 1951ರಲ್ಲಿ ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಮುಂದೆ ಇಸ್ರೋ ಮುಖ್ಯಸ್ಥರಾದರು. ಇಬ್ಬರೂ ತಾಯ್ನಾಡಿಗೆ ಮರಳಿದವರೇ. ಆದರೆ ಧವನ್ 1971ರಲ್ಲಿ ಒಂದು ವರ್ಷದ ಮಟ್ಟಿಗೆ ಮತ್ತೆ ಕ್ಯಾಲ್ಟೆಕ್‌ಗೆ ಹೋಗಿ ಕೂರಬಹುದಿತ್ತು. ಚಿಯೆನ್ ಮತ್ತೆಂದೂ ಅಮೆರಿಕಕ್ಕೆ ಕಾಲಿಡಲಿಲ್ಲ. "ಯಾವಾಗಪ್ಪಾ ವಾಪಸ್ ಬರೋದು?" ಎಂದು ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ "ನೋಡೋಣಮ್ಮ" ಎನ್ನುವ ನಮಗೆ, ಹಾಗೆ ಹೇಳಲು ಸಾಧ್ಯವಾಗಿರುವುದೇ ಒಂದು ಸಿರಿತನ ಎಂದು ನನಗೆ ತಿಳಿದದ್ದು ಈ ಹೋಲಿಕೆಯಿಂದ.

1979ರಲ್ಲಿ ಕ್ಯಾಲ್ಟೆಕ್ ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಪ್ರಶಸ್ತಿ ಘೋಷಿಸಿತು. ಅವರು ಬರಲಿಲ್ಲ. 2001ರಲ್ಲಿ ಹಳೆಯ ಗೆಳೆಯ ಫ್ರಾಂಕ್ ಮಾರ್ಬಲ್, ತಾವೂ ಮುಪ್ಪಿನ ವಯಸ್ಸಿನಲ್ಲಿದ್ದರೂ, ಅದನ್ನು ಬೀಜಿಂಗ್‌ಗೆ ಒಯ್ದು ಅವರ ಕೈಗಿತ್ತರು. ಸರ್ಕಾರ ಕ್ಷಮೆ ಕೇಳಲಿಲ್ಲ. ಗೆಳೆಯ ಮನೆ ಹುಡುಕಿಕೊಂಡು ಹೋದ. ಪೌರತ್ವದ ಪ್ರಮಾಣಕ್ಕೆ ಕೈಯೆತ್ತಿದ ದಿನ, ಈ ದೇಶವೆಂದರೆ ನನಗೆ ಮಾರ್ಬಲ್‌ರಂಥವರು ಎಂದುಕೊಂಡೇ ಎತ್ತಿದೆ.