ಲೆಕ್ಕಕ್ಕೆ ಬಾರದ ಹತ್ತು ವರ್ಷ

ಪೇಪರು ಬಂದ ಕೂಡಲೇ ಆಟದ ಪುಟವನ್ನು ಗಂಡಸರ ಕೈಗೆ ದಾಟಿಸಿ ಒಳಗೆ ಹೋಗುವವರು ನೀವಾದರೆ, ನಾನೂ ನಿಮ್ಮ ಪೈಕಿಯೇ. ಆದರೂ ಇವತ್ತು ಒಬ್ಬ ಫುಟ್‌ಬಾಲ್ ಕೋಚಿನ ವಿಷಯ ನಿಮಗೆ ಹೇಳಲೇಬೇಕು ಅನ್ನಿಸಿದೆ. ಒಲೆ ಸಣ್ಣಗೆ ಮಾಡಿ ಬನ್ನಿ.

ನನ್ನ ಅಕ್ಕನ ಮಗ ಅಮೆರಿಕದ ಬ್ಲೂಮಿಂಗ್ಟನ್ ಊರಿನ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದಿದವನು. ಆ ಸೀಮೆಯವರಿಗೆ ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣವಂತೆ. ನಮ್ಮ ಫುಟ್‌ಬಾಲಿಗೆ ಅವರು ಸಾಕರ್ ಅನ್ನುತ್ತಾರೆ. ಅವರ ಫುಟ್‌ಬಾಲು ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಬೇರೆಯೇ ಆಟ. ಅಂಥ ಊರಿಗೆ 1963ರಲ್ಲಿ ಸಾಕರ್ ಕಲಿಸಲು ಬಂದವರು ಜೆರ್ರಿ ಯೇಗ್ಲಿ. ಪೆನ್ಸಿಲ್ವೇನಿಯಾದ ಹುಡುಗ, ವಯಸ್ಸು ಇಪ್ಪತ್ಮೂರು. ವೆಸ್ಟ್ ಚೆಸ್ಟರ್ ಕಾಲೇಜಿನ ಪರವಾಗಿ ಆಡಿ 1961ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದಲ್ಲಿದ್ದವರು.

ಬಂದರೆ ಏನಿತ್ತು ಅಂತೀರಿ? ಸಾಕರಿಗೆ ಅಲ್ಲಿ ವಿಶ್ವವಿದ್ಯಾಲಯದ ಅಧಿಕೃತ ತಂಡವೇ ಇರಲಿಲ್ಲ. ಆಸಕ್ತಿ ಇದ್ದ ಹುಡುಗರು ಸೇರಿಕೊಂಡು ಆಡುವ ಬರೀ ಕ್ಲಬ್ಬು. ಎಷ್ಟೇ ಚೆನ್ನಾಗಿ ಆಡಿದರೂ ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ಮುಚ್ಚಿದ್ದೇ. ಒಂದು ವರ್ಷವಲ್ಲ, ಎರಡಲ್ಲ, ಹತ್ತು ವರ್ಷ ಹೀಗೇ. 1973ರಲ್ಲಿ ಕೊನೆಗೂ ಅಧಿಕೃತ ಮನ್ನಣೆ ಸಿಕ್ಕಿತು.

ಮುಂದಿನದನ್ನು ಕೇಳಿ. ಅವರು 2003ರಲ್ಲಿ ನಿವೃತ್ತರಾದಾಗ ಒಟ್ಟು ಗೆಲುವು 544. ಡಿವಿಷನ್ ಒಂದು ಎಂಬ ಅಲ್ಲಿನ ಮೇಲ್ದರ್ಜೆಯಲ್ಲಿ ಆವರೆಗೆ ಯಾವ ಪುರುಷರ ತಂಡದ ಕೋಚೂ ಅಷ್ಟು ಗೆದ್ದಿರಲಿಲ್ಲ. ಆದರೆ ಆ 544 ಎಣಿಸಿರುವುದು 1973ರಿಂದ! ಮೊದಲ ಹತ್ತು ವರ್ಷದ ಒಂದು ಗೆಲುವೂ ಅದರಲ್ಲಿಲ್ಲ.

ಇದನ್ನು ಓದಿ ಹೇಳಿದಾಗ ನಮ್ಮ ಮನೆಯವರು ಕನ್ನಡಕ ತೆಗೆದು ಕೆಳಗಿಟ್ಟರು. ಅವರೂ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರೇ. ಏಳು ವರ್ಷ ಟೆಂಪರರಿ ಅಂತ ದುಡಿದರು. ಬೇಸಿಗೆ ರಜಕ್ಕೆ ಸಂಬಳವಿಲ್ಲ. ಆದರೂ ಬೆಳಿಗ್ಗೆ ಐದೂವರೆಗೆ ಸೈಕಲ್ ಹತ್ತಿ ಮೈದಾನಕ್ಕೆ ಹೊರಡುವುದು ತಪ್ಪಲಿಲ್ಲ. ಹುಡುಗರಿಗೆಂದು ನೆನೆಸಿಟ್ಟ ಕಡಲೆಕಾಳಿನ ಡಬ್ಬಿ ನಾನೇ ಕಟ್ಟಿಕೊಡುತ್ತಿದ್ದೆ. ನಿವೃತ್ತಿಯ ಕಾಗದ ಬಂದಾಗ ಆ ಏಳು ವರ್ಷ ಪಿಂಚಣಿಗೆ ಸೇರಿರಲಿಲ್ಲ. ಕಚೇರಿಗೆ ಅಲೆದದ್ದಾಯಿತು, ಅರ್ಜಿ ಕೊಟ್ಟದ್ದಾಯಿತು. ಸರ್ವೀಸ್ ರಿಜಿಸ್ಟರಿನಲ್ಲಿ ಇಲ್ಲದ್ದು ಇಲ್ಲ ಅಂದರು. ನಮ್ಮವರು ಇಷ್ಟೇ ಕೇಳಿದ್ದು: "ಆ ಹತ್ತು ವರ್ಷ ಆಡಿದ ಹುಡುಗರಿಗೆ ಅವನು ಮೇಷ್ಟ್ರು ಅಲ್ಲವೇನೇ?" ನಾನೇನು ಉತ್ತರ ಕೊಡಲಿ? ನಮ್ಮ ಅಡುಗೆಮನೆಯ ರಿಜಿಸ್ಟರು ಯಾರು ಇಟ್ಟಿದ್ದಾರೆ ಅಂದೆ. ಇಬ್ಬರೂ ನಕ್ಕೆವು.

ಮನ್ನಣೆ ಸಿಕ್ಕ ಮೇಲಾದರೂ ಯೇಗ್ಲಿಯವರ ದಾರಿ ಸಲೀಸಾಯಿತೇ? ಮೂರೇ ವರ್ಷದಲ್ಲಿ ತಂಡ ಫೈನಲ್ ಮುಟ್ಟಿತು, ನಿಜ. ಆದರೆ 1976, 1978, 1980, ಮೂರು ಸಲವೂ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಎದುರು ಸೋಲು! ಒಂದೇ ಹಿಟ್ಟು, ಒಂದೇ ಹದ, ಮೂರು ಸಲವೂ ಹೋಳಿಗೆ ಒಡೆದರೆ ನಾವಾದರೆ ಲಟ್ಟಣಿಗೆ ಎಸೆಯುತ್ತೇವೆ. 1982ರಲ್ಲಿ ಡ್ಯೂಕ್ ತಂಡದ ಮೇಲೆ ಫೈನಲ್. ಆಟ ಸಮವಾಗಿ, ಹೆಚ್ಚಿನ ವೇಳೆ ಕೊಟ್ಟು, ಮತ್ತೆ ಕೊಟ್ಟು, ಎಂಟು ಸಲ ಕೊಟ್ಟ ಮೇಲೆ 2-1ರಿಂದ ಗೆದ್ದರು. ನಿಂತು ನೋಡಿದವರ ಕಾಲೇ ಸೋತಿರಬೇಕು, ಆಡಿದವರ ಪಾಡು ಹೇಗೋ! ಆಮೇಲೆ 1983, 1988, 1998, 1999ರಲ್ಲೂ ಪ್ರಶಸ್ತಿ ಬಂತು. 2003 ಅವರ ಕಡೆಯ ವರ್ಷ. ಶುರುವಿನಲ್ಲಿ ತಂಡ ತಡವರಿಸಿತು, ಕೊನೆಗೆ ಸೇಂಟ್ ಜಾನ್ಸ್ ತಂಡವನ್ನು 2-1ರಿಂದ ಸೋಲಿಸಿ ಆರನೆಯ ಪ್ರಶಸ್ತಿಯೊಂದಿಗೆ ಅವರನ್ನು ಮನೆಗೆ ಕಳಿಸಿತು.

ನನಗೆ ಮನಸ್ಸಿಗೆ ತಟ್ಟಿದ್ದು ಮಾತ್ರ 1994ರ ಫೈನಲ್. ಯೇಗ್ಲಿಯವರ ಮಗ ಟಾಡ್ ಅಪ್ಪನ ತಂಡದಲ್ಲೇ ಆಡುತ್ತಿದ್ದ. ಅದು ಅವನ ಕೊನೆಯ ವರ್ಷ. ವರ್ಜೀನಿಯಾ ಎದುರು 1-0ಯಿಂದ ಸೋತರು. ಅಪ್ಪ-ಮಗ ಇಬ್ಬರಲ್ಲಿ ಯಾರು ಯಾರನ್ನು ಸಮಾಧಾನ ಮಾಡಿದರೋ, ಮನೆಯಲ್ಲಿದ್ದ ತಾಯಿಯನ್ನೇ ಕೇಳಬೇಕು. ಅದೇ ಟಾಡ್ 2010ರಲ್ಲಿ ಅದೇ ತಂಡದ ಕೋಚ್ ಆದ. 2012ರಲ್ಲಿ ಜಾರ್ಜ್‌ಟೌನ್ ಮೇಲೆ ಇಂಡಿಯಾನಾ 1-0ಯಿಂದ ಫೈನಲ್ ಗೆದ್ದಿತು.