ಸೀಲಿಂಗ್ ಮೇಲೆ ಟೈಮು, ಬರೀ 749 ರೂಪಾಯಿ

ಮೊದಲನೇ ಫೋಟೋ ನಂಬಬೇಡಿ. ಕೆಂಪು ಅಂಕಿ ಅಷ್ಟು ಚೆಂದ ಕಾಣ್ತಿರೋದು ಕಿಟಕಿಗೆ ಎರಡು ಬೆಡ್‌ಶೀಟ್ ಕಟ್ಟಿದ್ದಕ್ಕೆ. ಸ್ವೈಪ್ ಮಾಡಿ. ಎರಡನೇದು ನಮ್ಮ ರೂಮಿನ ನಿಜವಾದ ರಾತ್ರಿ. ಬೀದಿ ದೀಪದ ಬೆಳಕು ಒಳಗೆ ಬಂದಿದೆ, ಸೀಲಿಂಗ್ ಮೇಲೆ ಒಂದು ಕೆಂಪು ಕಲೆ. 3 ಇರಬಹುದು, 8 ಇರಬಹುದು.

ಪ್ರೊಜೆಕ್ಷನ್ ಅಲಾರಂ ಕ್ಲಾಕ್ ಅಂತಾರೆ ಇದಕ್ಕೆ. ಒಳಗೊಂದು ಎಲ್‌ಇಡಿ, ಅದರ ಮುಂದೆ ಉಗುರಿನಷ್ಟು ಎಲ್‌ಸಿಡಿ ತುಣುಕು, ಆಮೇಲೆ ಲೆನ್ಸ್, ಅಷ್ಟೇ. ಸೀಲಿಂಗ್ ದೂರ ಇದ್ದಷ್ಟೂ ಅಂಕಿ ದೊಡ್ಡದಾಗುತ್ತೆ, ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ಮಂಕೂ ಆಗುತ್ತೆ. ಫೋಕಸ್ ಸರಿ ಮಾಡೋಕೆ ಒಂದು ಉಂಗುರಾನೂ ಕೊಟ್ಟಿರ್ತಾರೆ. ನಮ್ಮದರಲ್ಲೂ ಇದೆ. ತಿರುಗುತ್ತೆ, ಏನೂ ಬದಲಾಗಲ್ಲ.

ಶೋಕಿಗೆ ತರಿಸಿದ್ದಲ್ಲ ಕಣ್ರೋ. ನಾನೂ ಅಜ್ಜಿನೂ ಒಂದೇ ರೂಮಲ್ಲಿ ಮಲಗೋದು. ಅಜ್ಜಿಗೆ ರಾತ್ರಿ ಮೂರ್ನಾಲ್ಕು ಸಲ ಎಚ್ಚರ ಆಗುತ್ತೆ. "ಟೈಮ್ ಎಷ್ಟಾಯ್ತೇ ಪುಟ್ಟಿ?" ಅಂತ ಕೇಳೋರು. ನಾನು ಫೋನ್ ತಡಕಾಡಿ ನೋಡಿ ಹೇಳ್ತಿದ್ದೆ, ಆ ಸ್ಕ್ರೀನ್ ಬೆಳಕಿಗೆ ನನ್ನ ನಿದ್ದೆ ಹಾರಿಹೋಗೋದು. ನನಗೆ ಸೆಮಿಸ್ಟರ್ ಎಕ್ಸಾಂ ಶುರುವಾದ ದಿನದಿಂದ ಅಜ್ಜಿ ಕೇಳೋದೇ ಬಿಟ್ಟುಬಿಟ್ರು. ಎಚ್ಚರ ಆಗೋದು ನಿಂತಿಲ್ಲ, ಕೇಳೋದು ಮಾತ್ರ ನಿಂತಿದ್ದು. ಮಗ್ಗುಲು ಬದಲಾಯಿಸುವಾಗ ಬಳೆ ಸದ್ದು ಕೇಳುತ್ತಲ್ಲ. ಗೋಡೆ ಗಡಿಯಾರ ಕತ್ತಲಲ್ಲಿ ಕಾಣಲ್ಲ, ಲೈಟ್ ಹಾಕಿದ್ರೆ ನಾನು ಏಳ್ತೀನಿ ಅಂತ ಹಾಕಲ್ಲ. ಬೆಳಗಾಗೋಕೆ ಇನ್ನೆಷ್ಟು ಹೊತ್ತಿದೆ ಅಂತ ಗೊತ್ತಿಲ್ದೆ ಸುಮ್ನೆ ಮಲಗಿರ್ತಾರೆ.

ಟ್ಯೂಷನ್ ಹೇಳಿದ ದುಡ್ಡಲ್ಲಿ ತರಿಸಿದೆ. 2,999ಕ್ಕೆ ಗೀಟು ಎಳೆದು ಪಕ್ಕದಲ್ಲಿ 749 ಅಂತ ಹಾಕಿದ್ರು. (ಕಾಸ್ಟಿಂಗ್ ಪಾಠ ಕೇಳಿದೋರಿಗೆಲ್ಲ ಆ 2,999 ಎಲ್ಲಿಂದ ಬಂತು ಅಂತ ಗೊತ್ತು, ಬಿಡಿ.)

ಬಾಕ್ಸ್ ಮೇಲೆ ಟವರ್ ಚಿತ್ರ ಹಾಕಿ "ರೇಡಿಯೋ ಕಂಟ್ರೋಲ್ಡ್" ಅಂತ ಬರೆದಿದೆ. ಜರ್ಮನಿಯ ಮೈನ್‌ಫ್ಲಿಂಗನ್‌ನಿಂದ 77.5 ಕಿಲೋಹರ್ಟ್ಸ್‌ನಲ್ಲಿ ಟೈಮ್ ಸಿಗ್ನಲ್ ಬರುತ್ತೆ, ಅಲ್ಲಿನ ಗಡಿಯಾರಗಳು ಅದನ್ನ ಹಿಡಿದು ತಾವೇ ಸರಿಹೋಗ್ತವೆ. ಅದು ಮುಟ್ಟೋದು ಸುಮಾರು 2,000 ಕಿಲೋಮೀಟರ್. ನಮ್ಮೂರಲ್ಲಿ ಆ ಟವರ್ ಚಿತ್ರಕ್ಕೆ ಏನು ಕೆಲಸ? ಇನ್ನು ಬ್ಯಾಟರಿ ಹಾಕಿದ್ರೆ ಐದು ಸೆಕೆಂಡ್ ಮಾತ್ರ ಬೆಳಕು. ರಾತ್ರಿಯಿಡೀ ಬೇಕು ಅಂದ್ರೆ ಯುಎಸ್‌ಬಿ ಕೇಬಲ್ ಸಿಕ್ಕಿಸಿಯೇ ಇರಬೇಕು. ಕರೆಂಟ್ ಹೋದ್ರೆ ಟೈಮೂ ಹೋಯ್ತು.

ಇಷ್ಟೂ ಸಹಿಸ್ಕೊಳ್ತಿದ್ದೆ. ಐದನೇ ರಾತ್ರಿ ಅದರ ಪರದೆ ಮೂಲೆಯಲ್ಲಿ ಡಿಎಸ್‌ಟಿ ಅನ್ನೋ ಮೂರಕ್ಷರ ತಾನಾಗೇ ಬಂದು ಕೂತಿತ್ತು. ಬೇಸಿಗೆಯಲ್ಲಿ ಗಡಿಯಾರನ ಒಂದು ಗಂಟೆ ಮುಂದಕ್ಕಿಡೋ ಯುರೋಪ್, ಅಮೆರಿಕದ ಪದ್ಧತಿ ಅದು, ನಮ್ಮಲ್ಲಿ ಇಲ್ಲ. ಸೀಲಿಂಗ್ ಮೇಲೆ ಮಸುಕು ಮಸುಕಾಗಿ 5:10. ಅಜ್ಜಿ ಎದ್ರು, ಮುಖ ತೊಳೆದ್ರು, ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ರು, ಹಾಲಿನೋನಿಗೆ ಕಾಯ್ತಾ ಮೆಟ್ಟಿಲ ಮೇಲೆ ಕೂತ್ರು. ನಿಜವಾದ ಟೈಮು 4:10. ನಾನು ಎದ್ದು ನೋಡೋ ಹೊತ್ತಿಗೆ ಸೆರಗು ಹೊದ್ದು, ಆ ಚಳಿಯಲ್ಲಿ ಮುದುರಿ ಕೂತಿದ್ದಾರೆ. "ಹಾಲಿನೋನು ಇವತ್ತು ತಡ ಕಣೇ" ಅಂದ್ರು. ತಪ್ಪು ಹಾಲಿನೋನ ಮೇಲೆ ಹಾಕಿದ್ರೇ ಹೊರತು ಗಡಿಯಾರದ ಮೇಲೆ ಹಾಕ್ಲಿಲ್ಲ. ಅದು ಮೊಮ್ಮಗಳು ತಂದಿದ್ದಲ್ವಾ.

ಅವತ್ತೇ ಮಾರಿದವರಿಗೆ ಮೆಸೇಜ್ ಹಾಕಿದೆ. "ರೀಸೆಟ್ ಮಾಡಿ ಮೂರು ದಿನ ನೋಡಿ ಮೇಡಂ" ಅಂದ್ರು. ಮೂರು ದಿನ ಆದ್ಮೇಲೆ "ಏಳು ದಿನದ ರಿಟರ್ನ್ ಅವಧಿ ಮುಗಿದಿದೆ ಮೇಡಂ" ಅಂದ್ರು. ಎಷ್ಟು ನೀಟಾಗಿದೆ ನೋಡಿ ಲೆಕ್ಕ! ಆದ್ರೆ 2020ರ ಇ-ಕಾಮರ್ಸ್ ಗ್ರಾಹಕ ನಿಯಮದ ಪ್ರಕಾರ ದೂರು ಬಂದ 48 ಗಂಟೆ ಒಳಗೆ ಬಂದಿದೆ ಅಂತ ತಿಳಿಸ್ಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡ್ಬೇಕು. ಬರವಣಿಗೆಯಲ್ಲೇ ದೂರು ಕಳಿಸಿದ್ದೀನಿ, ಚಾಟ್ ಸ್ಕ್ರೀನ್‌ಶಾಟ್ ಸಮೇತ. ಅವರು ಸುಮ್ನಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ. ನೀವೂ ನಂಬರ್ ಸೇವ್ ಮಾಡ್ಕೊಳ್ಳಿ.

ಅಜ್ಜಿ ಈಗ್ಲೂ ಟೈಮ್ ಕೇಳ್ತಿಲ್ಲ. ಕತ್ತಲಲ್ಲಿ ಕಾಣೋ, ದೊಡ್ಡ ಅಂಕಿ ಇರೋ, ಕರೆಂಟ್ ಹೋದ್ರೂ ನಡೆಯೋ ಗಡಿಯಾರ ಯಾರ ಮನೇಲಾದ್ರೂ ಇದ್ಯಾ? ಬಜೆಟ್ 600. ಲಿಂಕ್ ಕಳಿಸ್ಬೇಡಿ, ರಾತ್ರಿ ಲೈಟ್ ಆರಿಸಿ ತೆಗೆದ ಫೋಟೋ ಕಳಿಸಿ.